ಶ್ರೀನಿವಾಸಪುರದ ರಮೇಶ್ ಕುಮಾರ್: 45 ವರ್ಷದ ರಾಜಕೀಯದಿಂದ ನಮ್ಮ ಕೋಲಾರ ಜಿಲ್ಲೆಗೆ ಉಳಿದಿದ್ದೇನು?

ಮಾವಿನತೋಪು, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾವು ನೀರು, ಮಾವು, ಟೊಮೆಟೊ ಬೆಲೆ ಬಗ್ಗೆ ದಿನಾ ಮಾತಾಡುತ್ತೇವೆ. ಶಾಸಕರ ಬಗ್ಗೆ ಮಾತ್ರ ಚುನಾವಣೆ ಬಂದಾಗಷ್ಟೇ ಮಾತು. ಅದರಲ್ಲೂ ಬೈಗುಳವೇ ಜಾಸ್ತಿ. ಒಬ್ಬರ ರಾಜಕೀಯ ಜೀವನವನ್ನು ಮೊದಲಿಂದ ಕೊನೆವರೆಗೆ ತಣ್ಣಗೆ ಕೂತು ನೋಡೋಣ ಅಂತ ನನಗೆ ಆಸೆ. ಅದಕ್ಕೆ ಕೆ.ಆರ್. ರಮೇಶ್ ಕುಮಾರ್ ಅವರನ್ನು ತೆಗೆದುಕೊಂಡಿದ್ದೇನೆ.

ರಾಜ್ಯದ ಬೇರೆ ಕಡೆಯವರಿಗೆ ಅವರು ಸ್ಪೀಕರ್. 2019ರ ಜುಲೈನಲ್ಲಿ ಟೀವಿ ಮುಂದೆ ಕೂತವರೆಲ್ಲ ಅವರ ಮಾತು ಕೇಳಿದ್ದಾರೆ. ನಮ್ಮ ತಾಲ್ಲೂಕಿನಲ್ಲಿ ಅವರು ಅಡ್ಡಗಲ್ ಊರಿನ ಸ್ವಾಮಿ. ಎದುರಾಳಿ ಜಿ.ಕೆ. ವೆಂಕಟಶಿವಾರೆಡ್ಡಿಯವರು. ಸ್ವಾಮಿನಾ, ರೆಡ್ಡಿನಾ? ನಮ್ಮಲ್ಲಿ ಪಕ್ಷ ಕೇಳುವವರು ಕಡಿಮೆ, ಇದನ್ನು ಕೇಳುವವರೇ ಜಾಸ್ತಿ.

ರಮೇಶ್ ಕುಮಾರ್ ಮೊದಲ ಸಲ ಗೆದ್ದಿದ್ದು 1978ರಲ್ಲಿ, ಇಂದಿರಾ ಕಾಂಗ್ರೆಸ್‌ನಿಂದ. 1983ರಲ್ಲಿ ರೆಡ್ಡಿಯವರು ಗೆದ್ದರು. 1985ರಲ್ಲಿ ಜನತಾ ಪಕ್ಷದಿಂದ ರಮೇಶ್ ಕುಮಾರ್, 1989ರಲ್ಲಿ ಕಾಂಗ್ರೆಸ್‌ನಿಂದ ರೆಡ್ಡಿಯವರು. 1994ರಲ್ಲಿ ಜನತಾದಳದಿಂದ ಇವರು, 1999ರಲ್ಲಿ ಅವರು. 2004ರಲ್ಲಿ ಇವರು ಕಾಂಗ್ರೆಸ್‌ನಲ್ಲಿದ್ದು ಗೆದ್ದರು. 2008ರಲ್ಲಿ ರೆಡ್ಡಿಯವರು ಜೆಡಿಎಸ್‌ನಿಂದ ಗೆದ್ದರು. ಅಂದರೆ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡರು, ಜನ ಮಾತ್ರ ಅದೇ ಎರಡು ಗುಂಪಿನಲ್ಲಿ ಉಳಿದರು. 2013ರಲ್ಲಿ ಮತ್ತೆ ಇವರು. 2018ರಲ್ಲಿ ಸರದಿ ಮುರಿದು ಸತತ ಎರಡನೇ ಸಲ ಇವರೇ ಗೆದ್ದರು. 2023ರಲ್ಲಿ ರೆಡ್ಡಿಯವರು ವಾಪಸ್ ಬಂದರು. ಕೊನೆಯ ಎರಡು ಚುನಾವಣೆಯಲ್ಲೂ ಅಂತರ ಹತ್ತು ಸಾವಿರ ಚಿಲ್ಲರೆ. 1983ರಿಂದ ಹತ್ತು ಚುನಾವಣೆ ಆಗಿದೆ, ಇವರಿಗೆ ಐದು, ಅವರಿಗೆ ಐದು. ಮೂರನೆಯವರು ಒಬ್ಬರೂ ಗೆದ್ದಿಲ್ಲ.

ಇಷ್ಟು ವರ್ಷದಲ್ಲಿ ರಮೇಶ್ ಕುಮಾರ್ ಎರಡು ಸಲ ಸ್ಪೀಕರ್ ಆದರು, 1994ರಿಂದ 99 ಮತ್ತು 2018ರಿಂದ 19. ಆರೋಗ್ಯ ಮಂತ್ರಿ ಆಗಿದ್ದು 2016ರ ಜೂನ್‌ನಿಂದ 2018ರ ಮೇವರೆಗೆ. ಎರಡು ವರ್ಷವೂ ತುಂಬಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜಿಲ್ಲೆಗೆ ಗಟ್ಟಿಯಾಗಿ ಉಳಿದಿದ್ದು ಸ್ಪೀಕರ್ ಪೀಠದಿಂದ ಬಂದಿದ್ದಲ್ಲ. ಮಂತ್ರಿಯಾಗಿ, ಜಿಲ್ಲಾ ಉಸ್ತುವಾರಿಯಾಗಿ ಇದ್ದ ಆ ಸಣ್ಣ ಅವಧಿಯಲ್ಲಿ ಬೆನ್ನು ಬಿಡದೆ ಮಾಡಿಸಿದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುವ ನೀರು, ಉಳಿದಿದೆ. ಹಾಗಾದರೆ ಉಳಿದ ವರ್ಷಗಳು ಏನಾದವು? ಒಬ್ಬ ಬುದ್ಧಿವಂತ ಶಾಸಕ ಬಯಲುಸೀಮೆಯಿಂದ ಹೋಗಿ ಅಷ್ಟು ವರ್ಷ ಸದನದಲ್ಲಿ ಕೂತರೂ ಕೈಗೆ ಸಿಗುವ ಕೆಲಸ ಇಷ್ಟೇನಾ? ನನ್ನನ್ನು ಕಾಡುವ ಪ್ರಶ್ನೆ ಇದು. ನೀವೇನಂತೀರಿ?

ನರಸಾಪುರ ಕಡೆ ರೈತ

ಅಣ್ಣ, ನೀರಿನ ವಿಷಯ ನಾನು ಹೇಳುತ್ತೇನೆ. ಮೊದಲು ಬಂದಿದ್ದೇ ನಮ್ಮ ಕಡೆಗೆ.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಪೈಪಿನಿಂದ ನೀರು ಬಿತ್ತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ಪಂಪ್ ಮಾಡಿ, ಇಲ್ಲಿಗೆ ಎತ್ತಿ ಬಿಡುತ್ತಾರೆ. ದಿನಕ್ಕೆ 440 ದಶಲಕ್ಷ ಲೀಟರ್ ಅನ್ನುವುದು ಯೋಜನೆಯ ಲೆಕ್ಕ, 126 ಕೆರೆ ತುಂಬಿಸಬೇಕು. ಒಂದು ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಹಳೇ ಕಾಲದವರು ಕಟ್ಟಿದ ಕೆರೆ ಸರಣಿಯನ್ನೇ ಬಳಸಿಕೊಂಡರು. ಅದಕ್ಕೇ ಕೆಲಸ ಬೇಗ ಆಯಿತು.

ನೀರು ಬಂದ ದಿನ ಹೆಂಗಸರು ಅರಿಶಿನ ಕುಂಕುಮ ಹಾಕಿ ಕೈಮುಗಿದರು. ನಮ್ಮಲ್ಲಿ ಮಕ್ಕಳಿಗೆ ಕೋಡಿ ಹರಿಯುವುದು ಅಂದರೆ ಏನು ಅಂತಾನೇ ಗೊತ್ತಿರಲಿಲ್ಲ. ಆಮೇಲೆ ಜುಲೈನಲ್ಲಿ ನೊರೆ ಬಂತು. ಬಿಳಿ ನೊರೆ, ದಡದ ಮೇಲೆ ಮೊಣಕಾಲು ಎತ್ತರಕ್ಕೆ. ಗಾಳಿ ಬಂದರೆ ಹಾರಿ ಹೊಲಕ್ಕೆ ಬೀಳೋದು. ವಾಸನೆ ತಡೆಯೋಕಾಗ್ತಿರಲಿಲ್ಲ. ಹೈಕೋರ್ಟ್ ತಡೆ ಕೊಟ್ಟಿತು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೊನೆಗೆ ನೀರು ಹರಿಯುವುದು ಮುಂದುವರಿಯಿತು.

ಈಗ ನನ್ನ ಬೋರ್‌ವೆಲ್ ವಿಷಯ. ಮೊದಲು ಮೋಟಾರ್ ಹಾಕಿದರೆ ಸ್ವಲ್ಪ ಹೊತ್ತಿಗೇ ಗಾಳಿ ಬರೋದು. ನೀರು ಬರೀ ಒಂದು ಸಾಲಿಗೆ ಸಾಲದು. ಪಂಪ್ ಇಳಿಸಿ ಇಳಿಸಿ ಸಾವಿರದ ಇನ್ನೂರು ಅಡಿಗೆ ಹೋಗಿದ್ದೆ. ಕೆರೆ ಎರಡು ವರ್ಷ ತುಂಬಿದ ಮೇಲೆ ಪೈಪು ಮೇಲೆತ್ತಿದೆ. ಇವತ್ತು ಡ್ರಿಪ್‌ನಲ್ಲಿ ಟೊಮೆಟೊ, ಬೀನ್ಸ್ ಎರಡೂ ಇದೆ. ಇದನ್ನು ಯಾರು ಮಾಡಿಸಿದರೋ ಅವರ ಹೆಸರು ನಾನು ಹೇಳುತ್ತೇನೆ. ರಮೇಶ್ ಕುಮಾರ್ ಅವರ ಹೆಸರೂ ಹೇಳುತ್ತೇನೆ, ಅವರು ನಮ್ಮ ಕ್ಷೇತ್ರದವರಲ್ಲದಿದ್ದರೂ.

ಕೆರೆ ಅಂಗಳ, ಚಿಕ್ಕಬಳ್ಳಾಪುರ

ರೈತರ ಅನುಭವವನ್ನು ಅಲ್ಲಗಳೆಯುವುದಿಲ್ಲ. ಆದರೆ ಪೂರ್ತಿ ಕಥೆ ಬರಲಿ.

ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ಜನ ಕೇಳಿದ್ದು ಕೊಳಚೆ ನೀರನ್ನಲ್ಲ, ಶಾಶ್ವತ ನೀರಾವರಿಯನ್ನು. ಬಯಲುಸೀಮೆಗೆ ನದಿ ನೀರು ತರುವ ಪರಮಶಿವಯ್ಯ ವರದಿ ಜಾರಿ ಮಾಡಿ ಅಂತ ವರ್ಷಗಟ್ಟಲೆ ಧರಣಿ ಕೂತರು. 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟರು. ದಾರಿಯಲ್ಲಿ ಲಾಠಿ ಬಿತ್ತು. ಆ ಹೋರಾಟ ಇಲ್ಲದಿದ್ದರೆ ಯಾವ ಸರ್ಕಾರವೂ ಕೆ.ಸಿ. ವ್ಯಾಲಿಗೆ, ಅದೇ ಥರ ನಮ್ಮ ಕಡೆಗೆ ಸಂಸ್ಕರಿಸಿದ ನೀರು ತರುವ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಗೆ ಇಷ್ಟು ಬೇಗ ದುಡ್ಡು ಬಿಚ್ಚುತ್ತಿರಲಿಲ್ಲ. ಆದ್ದರಿಂದ ಪಾಲು ಹಂಚುವಾಗ ಮೊದಲ ಪಾಲು ಬೀದಿಗೆ ಬಂದವರಿಗೆ ಸಲ್ಲಬೇಕು.

ಎರಡನೇದು, ಸಂಸ್ಕರಣೆ. ಎರಡು ಹಂತ ಮಾತ್ರ ಆಗುತ್ತಿದೆ, ಮೂರನೇ ಹಂತವೂ ಬೇಕು ಅಂತ ಹೋರಾಟಗಾರರು ಮೊದಲಿಂದ ಹೇಳುತ್ತಾ ಬಂದಿದ್ದಾರೆ. ನೀರು ನೆಲಕ್ಕೆ ಇಂಗಿ, ಬೋರ್‌ವೆಲ್‌ನಿಂದ ಮೇಲೆ ಬಂದು, ನಮ್ಮ ಹಸು ಕುಡಿದು, ಹಾಲಿನ ಡೈರಿಗೆ ಹೋಗುತ್ತದೆ. ಸುಮ್ನೆ ಅನುಮಾನ ಪಡುತ್ತಿಲ್ಲ, ಇದು ನಮ್ಮ ಮನೆ ಮಕ್ಕಳ ಆರೋಗ್ಯದ ಪ್ರಶ್ನೆ. ಆಗ ಆರೋಗ್ಯ ಮಂತ್ರಿಯಾಗಿದ್ದವರೇ ಜಿಲ್ಲಾ ಉಸ್ತುವಾರಿ. ಆ ಕುರ್ಚಿಯಲ್ಲಿದ್ದು ಮೂರನೇ ಹಂತಕ್ಕೂ ಹಟ ಹಿಡಿದಿದ್ದರೆ ಅವರ ಕೆಲಸ ಪೂರ್ತಿ ಆಗ್ತಿತ್ತು ಅಂತ ನನ್ನ ನೋವು.

ಇನ್ನು ಎತ್ತಿನಹೊಳೆ, ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಯೋಜನೆ. 2012ರಲ್ಲಿ ಒಪ್ಪಿಗೆ ಸಿಕ್ಕಾಗ 8,323 ಕೋಟಿ. ಆಮೇಲೆ 12,912 ಕೋಟಿ. ಆಮೇಲೆ 23,251 ಕೋಟಿ. 2014ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಗಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲೇ. ಮೊದಲ ಹಂತದ ನೀರು ಎತ್ತಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಅದೂ ಸಕಲೇಶಪುರದ ಹತ್ತಿರ. ಅಲ್ಲಿಂದ ಕೋಲಾರಕ್ಕೆ ದೂರ ಎಷ್ಟು ಅಂತ ನಕ್ಷೆ ನೋಡಿ. ಈ ಹತ್ತು ವರ್ಷದಲ್ಲಿ ಎರಡೂ ಜಿಲ್ಲೆಯ ಎಲ್ಲ ಪಕ್ಷದ ಶಾಸಕರು ಒಟ್ಟಿಗೆ ನಿಂತು ಸರ್ಕಾರವನ್ನು ಹಿಡಿದು ನಿಲ್ಲಿಸಿದ್ದನ್ನು ನಾನು ನೋಡಿಲ್ಲ.

ನರಸಾಪುರ ಕಡೆ ರೈತ

ಮೂರನೇ ಹಂತ ಬೇಕು ಅನ್ನುವುದಕ್ಕೆ ನನ್ನದೂ ಸಹಿ ಇದೆ. ನೀರು ಬಂದಿದೆ ಅಂತ ಬಾಯಿ ಮುಚ್ಚಿಕೊಂಡಿಲ್ಲ ನಾವು.

ವಕೀಲ, ಮುಳಬಾಗಿಲು

ಮಾವಿನತೋಪು ಅವರೇ, ನೀವು ಸ್ಪೀಕರ್ ಕೆಲಸವನ್ನು ಒಂದು ಸಾಲಿನಲ್ಲಿ ಬದಿಗಿಟ್ಟಿದ್ದೀರಿ. ಅದು ಸರಿಯಲ್ಲ ಅಂತ ನನಗನಿಸುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಾಸಕರು ರಾಜೀನಾಮೆ ಕೊಟ್ಟ ತಕ್ಷಣ ಅದು ಅಂಗೀಕಾರ ಆಗಿಬಿಡುವುದಿಲ್ಲ. ಸಂವಿಧಾನದ 190ನೇ ವಿಧಿಗೆ 1974ರಲ್ಲಿ ಒಂದು ತಿದ್ದುಪಡಿ ಬಂತು. ರಾಜೀನಾಮೆ ಸ್ವಂತ ಇಚ್ಛೆಯಿಂದ ಕೊಟ್ಟಿದ್ದಾ, ನಿಜವಾದದ್ದಾ ಅಂತ ಸ್ಪೀಕರ್ ವಿಚಾರಿಸಬೇಕು, ಮನವರಿಕೆ ಆಗದಿದ್ದರೆ ಒಪ್ಪಬಾರದು. 1985ರಲ್ಲಿ ಹತ್ತನೇ ಅನುಸೂಚಿ ಬಂತು, ಅದೇ ಪಕ್ಷಾಂತರ ನಿಷೇಧ. 2019ರಲ್ಲಿ ಕುಮಾರಸ್ವಾಮಿ ಸರ್ಕಾರದ ಕಡೆಯ ಶಾಸಕರು ಗುಂಪಾಗಿ ರಾಜೀನಾಮೆ ಕೊಟ್ಟಾಗ ಈ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಒಂದು ಕಡೆ ರಾಜೀನಾಮೆ ಪತ್ರ, ಇನ್ನೊಂದು ಕಡೆ ಅನರ್ಹತೆಯ ಅರ್ಜಿ. ಯಾವುದನ್ನು ಮೊದಲು ತೆಗೆದುಕೊಳ್ಳಬೇಕು?

ಜುಲೈ 9ರಂದು ರಮೇಶ್ ಕುಮಾರ್ 13 ಪತ್ರಗಳಲ್ಲಿ 8 ನಿಯಮದಂತೆ ಇಲ್ಲ ಅಂದರು. 17ರಂದು ಸುಪ್ರೀಂ ಕೋರ್ಟ್, ತೀರ್ಮಾನ ಯಾವಾಗ ಮಾಡಬೇಕು ಅನ್ನುವುದು ಸ್ಪೀಕರ್‌ಗೆ ಬಿಟ್ಟಿದ್ದು, ಆದರೆ ಆ ಶಾಸಕರನ್ನು ಸದನಕ್ಕೆ ಬರಲೇಬೇಕು ಅಂತ ಒತ್ತಾಯಿಸುವ ಹಾಗಿಲ್ಲ ಅಂದಿತು. 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. 25ರಂದು ಮೂವರು, 28ರಂದು ಹದಿನಾಲ್ವರು, ಒಟ್ಟು 17 ಶಾಸಕರು ಅನರ್ಹರಾದರು. 29ರಂದು ಯಡಿಯೂರಪ್ಪ ವಿಶ್ವಾಸಮತ ಗೆದ್ದ ಮೇಲೆ ರಮೇಶ್ ಕುಮಾರ್ ಪೀಠ ಬಿಟ್ಟರು.

ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅನರ್ಹತೆಯನ್ನು ಎತ್ತಿಹಿಡಿಯಿತು. ರಾಜೀನಾಮೆ ಕೊಟ್ಟುಬಿಟ್ಟರೆ ಅನರ್ಹತೆಯಿಂದ ತಪ್ಪಿಸಿಕೊಳ್ಳಬಹುದು ಅನ್ನುವ ವಾದವನ್ನು ಒಪ್ಪಲಿಲ್ಲ. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಇವರು ಚುನಾವಣೆಗೆ ನಿಲ್ಲಬಾರದು ಅಂತ ಸ್ಪೀಕರ್ ಹಾಕಿದ್ದ ಷರತ್ತನ್ನು ತೆಗೆದುಹಾಕಿತು. ಆ ಅಧಿಕಾರ ಸ್ಪೀಕರ್‌ಗೆ ಇಲ್ಲ ಅಂತ. ಸ್ಪೀಕರ್‌ಗಳು ತಟಸ್ಥವಾಗಿ ಇರದೆ ಹೋಗುವ ಚಾಳಿ ಹೆಚ್ಚುತ್ತಿದೆ ಅಂತಲೂ ಕೋರ್ಟ್ ಬೇಸರದಿಂದ ಹೇಳಿತು.

ಇವತ್ತು ಯಾವ ರಾಜ್ಯದಲ್ಲಿ ಶಾಸಕರು ಗುಂಪಾಗಿ ರೆಸಾರ್ಟ್‌ಗೆ ಹೋದರೂ ವಕೀಲರು ಮೊದಲು ತೆಗೆಯುವ ತೀರ್ಪುಗಳಲ್ಲಿ ಇದೊಂದು. ನಮ್ಮ ಕೋಲಾರ ಜಿಲ್ಲೆಯ ಒಂದು ಹಳ್ಳಿಯಿಂದ ಹೋದ ಶಾಸಕನ ಆದೇಶದಿಂದ ಈ ಕಾನೂನು ಹುಟ್ಟಿತು. ಇದನ್ನು ಕೆರೆ ನೀರಿನ ಪಕ್ಕದಲ್ಲಿಟ್ಟು ಸಣ್ಣದು ಅನ್ನಬೇಡಿ.

ಕೆರೆ ಅಂಗಳ, ಚಿಕ್ಕಬಳ್ಳಾಪುರ

ವಕೀಲರೇ, ಕಾನೂನು ಹುಟ್ಟಿತು, ಸರಿ. ಆದರೆ ಫಲ ಏನಾಯಿತು ಅಂತ ನಮ್ಮ ಊರಲ್ಲಿ ನೋಡಿದ್ದೇವೆ. ಅನರ್ಹರಾದ 17 ಜನರಲ್ಲಿ ಆಗ ನಮ್ಮ ಶಾಸಕರಾಗಿದ್ದ ಡಾ. ಸುಧಾಕರ್ ಒಬ್ಬರು. 2019ರ ಡಿಸೆಂಬರ್ 5ಕ್ಕೆ ಹದಿನೈದು ಕಡೆ ಉಪಚುನಾವಣೆ ಆಯಿತು. ಬಿಜೆಪಿ ಹನ್ನೆರಡು ಗೆದ್ದಿತು. ಸುಧಾಕರ್ ಗೆದ್ದರು, ಮಂತ್ರಿಯೂ ಆದರು. ಪಕ್ಕದ ಹೊಸಕೋಟೆಯಲ್ಲಿ ಮಾತ್ರ ಪಕ್ಷೇತರ ಗೆದ್ದರು. ಅಂದರೆ ಅನರ್ಹ ಅಂತ ಮುದ್ರೆ ಬಿದ್ದ ಹೆಚ್ಚಿನವರನ್ನು ಜನ ಐದು ತಿಂಗಳೊಳಗೆ ಅರ್ಹ ಅಂದುಬಿಟ್ಟರು. ಕಾನೂನಿಗೆ ಬಲ ಬರಬೇಕಾದರೆ ಮೊದಲು ಓಟು ಹಾಕುವ ನಮಗೆ ಅದರ ಬಗ್ಗೆ ಕಾಳಜಿ ಇರಬೇಕು. ನನ್ನ ಮನೆಯಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯ ಇತ್ತು.

ಸ್ಟಾಫ್ ನರ್ಸ್, ಕೋಲಾರ

ಯಾರೂ ಆರೋಗ್ಯ ಇಲಾಖೆಯ ವಿಷಯ ಎತ್ತಲೇ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದಿದ್ದು ಅವರೇ. 2007ರಿಂದ ಕಾಯ್ದೆ ಇತ್ತು, ಆದರೆ ಹಲ್ಲಿರಲಿಲ್ಲ. ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಕೂತಿತು. ಆಮೇಲೆ ಮಸೂದೆ ಬಂತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ರಾಜ್ಯದ ತುಂಬ ಹೊರರೋಗಿ ವಿಭಾಗ ಮುಚ್ಚಿದರು. ಆ ದಿನಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ನಿಲ್ಲೋಕೆ ಜಾಗ ಇರಲಿಲ್ಲ. ಒಂದೊಂದು ಮಂಚಕ್ಕೆ ಇಬ್ಬರು. ನಾವು ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ.

ಕೊನೆಗೆ ಮಸೂದೆ ಮೆತ್ತಗಾಯಿತು. ವೈದ್ಯರಿಗೆ ಜೈಲು ಅನ್ನುವ ಭಾಗ ಬಿಟ್ಟರು. ಬೈದವರು ಬಹಳ ಜನ: ಇಷ್ಟು ಕೂಗಾಡಿ ಕೊನೆಗೆ ಬಗ್ಗಿದರು ಅಂತ. ಆದರೆ ಉಳಿದಿದ್ದನ್ನು ನೋಡಿ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯ ಹತ್ತಿರ ಮುಂಗಡ ಕೇಳಿ ಕಾಯಿಸುವ ಹಾಗಿಲ್ಲ. ಸತ್ತವರ ಶವವನ್ನು ಬಾಕಿ ಬಿಲ್ಲಿಗಾಗಿ ಇಟ್ಟುಕೊಳ್ಳುವ ಹಾಗಿಲ್ಲ. ದರದ ಪಟ್ಟಿ ಕಾಣುವ ಹಾಗೆ ಹಾಕಬೇಕು.

ನನ್ನ ಸ್ವಂತ ದೊಡ್ಡಪ್ಪ ತೀರಿಕೊಂಡಾಗ ಒಂದು ಖಾಸಗಿ ಆಸ್ಪತ್ರೆಯವರು ಬಿಲ್ ಕಟ್ಟಿ ಆಮೇಲೆ ಶವ ಅಂದರು. ದೊಡ್ಡಮ್ಮ ಓಲೆ ಬಿಚ್ಚೋಕೆ ಕೈ ಹಾಕಿದರು. ನಾನು ಕಾಯ್ದೆಯ ಹೆಸರು ಹೇಳಿದೆ. ಕೌಂಟರ್‌ನವನು ಒಳಗೆ ಹೋಗಿ ಯಾರ ಹತ್ತಿರವೋ ಮಾತಾಡಿ ಬಂದು ಕಾಗದಕ್ಕೆ ಸಹಿ ಮಾಡಿಸಿಕೊಂಡು ಶವ ಕೊಟ್ಟ. ಬಾಕಿಯನ್ನು ಆಮೇಲೆ ಕಟ್ಟಿದೆವು. ಅವತ್ತು ಆ ಓಲೆ ದೊಡ್ಡಮ್ಮನ ಕಿವಿಯಲ್ಲೇ ಉಳಿಯಿತು. ಒಬ್ಬ ಶಾಸಕ ವಿಧಾನಸಭೆಯಲ್ಲಿ ಕೂತು ಮಾಡುವ ಕೆಲಸ ಹಳ್ಳಿ ಮನೆಗೆ ಬರುವುದು ಹೀಗೆ. ಇದಕ್ಕೆ ಉದ್ಘಾಟನೆಯ ಕಲ್ಲು ಇರುವುದಿಲ್ಲ, ಅದಕ್ಕೇ ಲೆಕ್ಕಕ್ಕೆ ಬರುವುದಿಲ್ಲ.

ಮಾವಿನತೋಪು, ಶ್ರೀನಿವಾಸಪುರ

ನರ್ಸ್ ಮೇಡಂ, ನೀವು ಬರೆದಿದ್ದನ್ನು ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕಾಯ್ದೆ ಇದೆ ಅಂತ ಗೊತ್ತಿತ್ತು, ಕೌಂಟರ್ ಮುಂದೆ ನಿಂತು ಅದನ್ನು ಹೇಳಬಹುದು ಅಂತ ಗೊತ್ತಿರಲಿಲ್ಲ.

ಟೀಚರ್, ಬೇತಮಂಗಲ

ಒಳ್ಳೆಯದನ್ನೇ ಹೇಳುತ್ತಾ ಹೋದರೆ ಪೂರ್ತಿ ಜೀವನ ನೋಡಿದ ಹಾಗೆ ಆಗುವುದಿಲ್ಲ, ಅಲ್ವಾ? 2021ರ ಡಿಸೆಂಬರ್, ಬೆಳಗಾವಿ ಅಧಿವೇಶನ. ಅತ್ಯಾಚಾರದ ಬಗ್ಗೆ ಅವರು ಸದನದಲ್ಲಿ ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯಲಾರೆ. ಸದನದಲ್ಲಿ ನಗು ಕೇಳಿಸಿತು. ನನಗೆ ಆ ಮಾತಿಗಿಂತ ಆ ನಗು ಜಾಸ್ತಿ ನೋಯಿಸಿತು. ಅವರದೇ ಪಕ್ಷದ ಶಾಸಕಿಯರು ವಿರೋಧಿಸಿದರು. ಮಾರನೇ ದಿನ ಅವರು ಸದನದಲ್ಲಿ ಕ್ಷಮೆ ಕೇಳಿದರು.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಒಳ್ಳೆಯ ಕನ್ನಡ ಹೇಗೆ ಮಾತಾಡಬೇಕು ಅಂತ ಮಕ್ಕಳಿಗೆ ಹೇಳುವಾಗ ಅವರ ಭಾಷಣದ ತುಣುಕು ಹಾಕುತ್ತಿದ್ದೆ. ಸಂವಿಧಾನದ ಬಗ್ಗೆ, ಬಡವರ ಬಗ್ಗೆ ಅವರು ಮಾತಾಡಿದರೆ ಹುಡುಗರು ಕದಲದೆ ಕೇಳುತ್ತಿದ್ದರು. ಆ ಡಿಸೆಂಬರ್ ಆದಮೇಲೆ ಹಾಕುವುದನ್ನು ನಿಲ್ಲಿಸಿದೆ. ಹತ್ತನೇ ತರಗತಿಯ ಹೆಣ್ಣುಮಕ್ಕಳು ಮುಂದೆ ಕೂತಿರುತ್ತಾರೆ. ಅವರಿಗೆ ನಾನೇನು ಹೇಳಲಿ? ಮಾತಿನಿಂದಲೇ ಹೆಸರು ಮಾಡಿದವರನ್ನು ಮಾತಿಗೆ ಹೊಣೆ ಮಾಡಲೇಬೇಕು.

ವಕೀಲ, ಮುಳಬಾಗಿಲು

ಟೀಚರ್ ಅವರ ಮಾತಿಗೆ ಎದುರು ಮಾತಿಲ್ಲ.

ಗೌನಿಪಲ್ಲಿ ಯುವಕ

ಎಲ್ಲರೂ ದೊಡ್ಡ ವಿಷಯ ಹೇಳಿದ್ದೀರಿ. ನಾನು ಊರೊಳಗಿನದ್ದು ಹೇಳುತ್ತೇನೆ.

ನಮ್ಮ ಕಡೆ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಆಂಧ್ರದ ಗಡಿ ಕೂಗಳತೆಯಲ್ಲಿದೆ. ಯಾವ ಊರಿಗೆ ಹೋದರೂ ಎರಡು ಗುಂಪು. ಸ್ವಾಮಿ ಕಡೆಯವರು, ರೆಡ್ಡಿ ಕಡೆಯವರು. ಗ್ರಾಮ ಪಂಚಾಯಿತಿ, ಹಾಲಿನ ಡೈರಿ, ವಿಎಸ್‌ಎಸ್‌ಎನ್ ಸೊಸೈಟಿ, ಎಲ್ಲದರಲ್ಲೂ ಇದೇ. ಮದುವೆ ಊಟದ ಪಂಕ್ತಿಯಲ್ಲೂ ಗೊತ್ತಾಗುತ್ತದೆ. ನಮ್ಮ ತಾತ ಒಂದು ಕಡೆ ಇದ್ದರು ಅಂತ ನಮ್ಮಪ್ಪ ಆ ಕಡೆ, ನಮ್ಮಪ್ಪ ಆ ಕಡೆ ಅಂತ ನಾನೂ ಆ ಕಡೆ ಅಂತ ಊರವರು ಬರೆದಿಟ್ಟುಬಿಟ್ಟಿದ್ದಾರೆ.

ರಮೇಶ್ ಕುಮಾರ್ ಅವರಿಗೆ ಸ್ವಂತ ಜಾತಿಯ ಓಟು ಈ ಕ್ಷೇತ್ರದಲ್ಲಿ ಬೆರಳೆಣಿಕೆ. ಬ್ರಾಹ್ಮಣರು ಎಷ್ಟು ಮನೆ ಇದ್ದಾರೆ ಇಲ್ಲಿ? ಆದರೂ ಆರು ಸಲ ಗೆದ್ದರು. ದಲಿತರು, ಹಿಂದುಳಿದವರು, ಮುಸ್ಲಿಮರು, ಒಕ್ಕಲಿಗರಲ್ಲಿ ಒಂದು ಪಾಲು, ಹೀಗೆ ಎಲ್ಲರನ್ನೂ ಕೂಡಿಸಿಕೊಂಡು ಹೋಗಬೇಕಿತ್ತು. ನಲವತ್ತು ವರ್ಷ ಹಾಗೆ ಹಿಡಿದಿಟ್ಟುಕೊಳ್ಳುವುದು ಸುಲಭದ ಮಾತಲ್ಲ. ಈ ಒಂದು ವಿಷಯಕ್ಕೆ ನಾನು ಅವರನ್ನು ಮೆಚ್ಚುತ್ತೇನೆ. ನಾನು ಬೇರೆ ಕಡೆಯವನು ಅನ್ನುವುದು ಓದುವವರಿಗೆ ಗೊತ್ತಾಗಿರಬಹುದು.

ಆದರೆ ಈ ಸರದಿಯಿಂದ ಆಗಿರುವ ನಷ್ಟವನ್ನೂ ಹೇಳಬೇಕು. ಒಬ್ಬರು ಶುರು ಮಾಡಿದ್ದನ್ನು ಇನ್ನೊಬ್ಬರು ಮುಂದುವರಿಸುವುದಿಲ್ಲ. ಒಂದು ಅವಧಿಯಲ್ಲಿ ನಮ್ಮ ಬೀದಿಗೆ ಚರಂಡಿ, ಇನ್ನೊಂದು ಅವಧಿಯಲ್ಲಿ ಎದುರು ಬೀದಿಗೆ. ಮಧ್ಯದ ಮೋರಿ ಎರಡಕ್ಕೂ ಸೇರಿಲ್ಲ. ಹಾಗಾಗಿ ಮಳೆ ಬಂದರೆ ಎರಡೂ ಬೀದಿಯ ನೀರು ಅಲ್ಲೇ ನಿಲ್ಲುತ್ತದೆ.

ಇನ್ನು ಮಾವು. ರಾಜ್ಯದಲ್ಲಿ ಮಾವು ಅಂದರೆ ಶ್ರೀನಿವಾಸಪುರ ಅಂತಾರೆ. ಜೂನ್‌ನಲ್ಲಿ ಮಂಡಿ ಮುಂದೆ ಬಂದು ನೋಡಿ. ರಾತ್ರಿಯೆಲ್ಲ ಟ್ರ್ಯಾಕ್ಟರ್ ಸಾಲು. ಮೇಲಿನ ಕಾಯಿ ಬಿಸಿಲಿಗೆ ಕಪ್ಪಾಗುತ್ತದೆ, ಕೆಳಗಿನ ಕಾಯಿ ಕಾವಿಗೆ ಮೆತ್ತಗಾಗುತ್ತದೆ. ಸೊನೆ ತಾಗಿ ಕೂಲಿಯವರ ಮುಂಗೈ ಸುಟ್ಟಿರುತ್ತದೆ. ಬಾದಾಮಿ, ರಸಪುರಿ ಹೇಗೋ ಹೋಗುತ್ತದೆ. ತೋತಾಪುರಿ ಹೋಗಬೇಕಾಗಿರುವುದು ಚಿತ್ತೂರು ಕಡೆಯ ತಿರುಳು ಕಾರ್ಖಾನೆಗೆ. 2025ರ ಜೂನ್‌ನಲ್ಲಿ ಆಂಧ್ರದವರು ಹೊರಗಿನ ತೋತಾಪುರಿ ಬೇಡ ಅಂತ ಗಡಿಯಲ್ಲಿ ನಿಲ್ಲಿಸಿದರು. ಬೆಲೆ ನೆಲ ಕಚ್ಚಿತು, ಶ್ರೀನಿವಾಸಪುರ ಬಂದ್ ಆಯಿತು, ರೈತರು ಕಾಯಿಯನ್ನು ರಸ್ತೆಗೆ ಸುರಿದರು. ಆಮೇಲೆ ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕದಲ್ಲಿ ಎರಡೂವರೆ ಲಕ್ಷ ಟನ್‌ವರೆಗೆ ನೆರವಿಗೆ ಒಪ್ಪಿತು.

ನನ್ನ ಸಿಟ್ಟು ಇದು. ನಮ್ಮಲ್ಲಿ ಬೆಳೆದ ಕಾಯಿಗೆ ನಮ್ಮಲ್ಲೇ ದೊಡ್ಡ ಕಾರ್ಖಾನೆ ಬೇಕು ಅನ್ನುವ ಕೂಗು ನನಗೆ ಬುದ್ಧಿ ಬಂದಾಗಿಂದ ಇದೆ. ಒಬ್ಬರು ಐದು ಸಲ, ಇನ್ನೊಬ್ಬರು ಆರು ಸಲ ಗೆದ್ದು ಹೋದರು. ಇಬ್ಬರಲ್ಲಿ ಯಾರಾದರೂ ಒಬ್ಬರು ಒಂದು ಅವಧಿಯನ್ನು ಪೂರ್ತಿ ಇದಕ್ಕೇ ಇಟ್ಟಿದ್ದರೆ? ಕೆ.ಸಿ. ವ್ಯಾಲಿಯ ನೀರು ನಮ್ಮೂರ ಕೆರೆಗೆ ಬಂದಿಲ್ಲ. ನೀರಿಲ್ಲದೆಯೂ ಬದುಕುವ ಮರ ಅಂತ ಮಾವು ಹಾಕಿದೆವು. ಆ ಮರದ ಕಾಯಿಗೆ ಬೆಲೆ ಬರುವ ದಾರಿ ಮಾಡಲಿಲ್ಲ.

ಮಾವಿನತೋಪು, ಶ್ರೀನಿವಾಸಪುರ

ತಮ್ಮ, ನೀನು ಬರೆದ ಮಂಡಿ ವಿಷಯ ಅಕ್ಷರಕ್ಷರ ನಿಜ. ನನ್ನದೂ ಎರಡು ಎಕರೆ ತೋತಾಪುರಿ ಇದೆ. ಆ ವರ್ಷ ಕೊಯ್ಲಿನ ಕೂಲಿ ಸಹ ಹುಟ್ಟಲಿಲ್ಲ ಅಂತ ಅರ್ಧ ಕಾಯಿಯನ್ನು ಮರದಲ್ಲೇ ಬಿಟ್ಟೆ.

ಎಲ್ಲರ ಮಾತು ಓದಿದ ಮೇಲೆ ನನಗೆ ಒಂದು ವಿಷಯ ಎದ್ದು ಕಾಣುತ್ತಿದೆ. ಸ್ಪೀಕರ್ ಆದವರು ಸದನದಲ್ಲಿ ತಮ್ಮ ಕ್ಷೇತ್ರದ ಬಗ್ಗೆ ಪ್ರಶ್ನೆ ಕೇಳುವ ಹಾಗಿಲ್ಲ. ಚರ್ಚೆಯಲ್ಲಿ ಸೇರುವ ಹಾಗಿಲ್ಲ. 224 ಜನರ ಮಾತು ನಡೆಸಿಕೊಡಬೇಕು, ತಮ್ಮ ಊರಿನ ಮಾತು ನುಂಗಿಕೊಳ್ಳಬೇಕು. 1994ರಿಂದ 99ರವರೆಗೆ ದೇವೇಗೌಡರು, ಪಟೇಲರು ಮುಖ್ಯಮಂತ್ರಿ. ಆಗ ನಮ್ಮ ಕಡೆ ಬೋರ್‌ವೆಲ್ ಒಣಗುತ್ತಾ ಬಂದ ಕಾಲ. ಆ ಐದು ವರ್ಷ ನಮ್ಮ ಶಾಸಕರು ಪೀಠದಲ್ಲಿ ಕೂತಿದ್ದರು. ನಾವು ಹೆಮ್ಮೆ ಪಟ್ಟೆವು. ಆದರೆ ಶ್ರೀನಿವಾಸಪುರದ ಪರವಾಗಿ ಸದನದಲ್ಲಿ ಎದ್ದು ನಿಲ್ಲುವವರು ಇರಲಿಲ್ಲ.

ಸ್ಪೀಕರ್ ಆದವರು ಮುಂದಿನ ಚುನಾವಣೆ ಸೋಲುತ್ತಾರೆ ಅಂತ ವಿಧಾನಸೌಧದಲ್ಲಿ ಒಂದು ನಂಬಿಕೆ ಇದೆ. 1999ರಲ್ಲಿ ಇವರು ಸೋತರು. 2018ರಲ್ಲಿ ಕಾಗೋಡು ತಿಮ್ಮಪ್ಪ, ಕೋಳಿವಾಡ ಇಬ್ಬರೂ ಸೋತರು. 2023ರಲ್ಲಿ ಕಾಗೇರಿ ಸೋತರು, ಇವರೂ ಸೋತರು. ಕುರ್ಚಿಗೆ ಶಾಪ ಇದೆ ಅಂತ ನಾನು ನಂಬುವುದಿಲ್ಲ. ಕಾರಣ ನೆಲದ ಮೇಲೇ ಇದೆ. ಅಧಿವೇಶನ ನಡೆದಾಗಲೆಲ್ಲ ಪೀಠಕ್ಕೆ ಕಟ್ಟಿಬಿದ್ದವರಿಗೆ ಊರಿನ ಸಾವು, ಮದುವೆ, ಪೊಲೀಸ್ ಠಾಣೆಯ ತಕರಾರು ಯಾವುದಕ್ಕೂ ಬರಲು ಆಗುವುದಿಲ್ಲ. ಹಂಚಲು ಇಲಾಖೆಯೂ ಇಲ್ಲ. ಶಾಸಕರ ನಿಧಿ ಅಂತ ವರ್ಷಕ್ಕೆ ಎರಡು ಕೋಟಿ. ಇಡೀ ತಾಲ್ಲೂಕಿನ ಹಳ್ಳಿಗಳಿಗೆ ಅದು ಯಾವ ಮೂಲೆಗೆ?

ಅದಕ್ಕೇ ನನ್ನ ಮೊದಲಿನ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಮಾತು ಬಲ್ಲ, ಕಾನೂನು ಬಲ್ಲ ಒಬ್ಬರು ನಮ್ಮಂಥ ಒಣ ತಾಲ್ಲೂಕಿನಿಂದ ಗೆದ್ದರೆ ದೊಡ್ಡ ಪಕ್ಷಗಳು ಅವರಿಗೆ ಪೀಠ ಕೊಟ್ಟು ಗೌರವ ಮಾಡುತ್ತವೆ. ನೀರಾವರಿ, ಲೋಕೋಪಯೋಗಿ, ಕಂದಾಯ ಕೊಡುವುದಿಲ್ಲ. ಅವು ಹೋಗುವುದು ಬೇರೆ ಲೆಕ್ಕಾಚಾರಕ್ಕೆ. ರಮೇಶ್ ಕುಮಾರ್ ಅವರಿಗೆ ಖಾತೆ ಅಂತ ಸಿಕ್ಕಾಗ ಏನು ಮಾಡಬಲ್ಲರು ಅಂತ ಆ ಎರಡು ವರ್ಷ ತೋರಿಸಿತು. 1994ರಲ್ಲೇ ಅವರಿಗೆ ಸಣ್ಣ ನೀರಾವರಿ ಕೊಟ್ಟಿದ್ದರೆ ನಮ್ಮ ಕೆರೆಗಳ ಕಥೆ ಬೇರೆ ಇರುತ್ತಿತ್ತು ಅಂತ ನಾನು ನಂಬುತ್ತೇನೆ.

ಕೆರೆ ಅಂಗಳ, ಚಿಕ್ಕಬಳ್ಳಾಪುರ

ಇದು ಒಳ್ಳೆಯ ಮಾತು. ಆದರೆ ಪಕ್ಷ ಕೊಡಲಿಲ್ಲ ಅಂತ ಪೂರ್ತಿ ಪಕ್ಷದ ಮೇಲೆ ಹಾಕಬೇಡಿ. ಪೀಠ ಬೇಡ, ಖಾತೆ ಕೊಡಿ ಅಂತ ಕೇಳುವುದೂ ಶಾಸಕನ ಕೆಲಸ. ಅವರು ಎರಡನೇ ಸಲವೂ, ಅದೂ 2018ರಲ್ಲಿ, ನೀರು ಈಗಷ್ಟೇ ಬರುತ್ತಿದ್ದ ಹೊತ್ತಿಗೆ ಪೀಠಕ್ಕೇ ಹೋದರು. ಜುಲೈನಲ್ಲಿ ನೊರೆ ಬಂದಾಗ ಅವರು ಮಂತ್ರಿ ಆಗಿರಲಿಲ್ಲ.

ಸ್ಟಾಫ್ ನರ್ಸ್, ಕೋಲಾರ

ಆರೋಗ್ಯ ಇಲಾಖೆಗೂ ಹಾಗೇ ಆಯಿತು. ಕಾಯ್ದೆ ಮಾಡಿದರು, ಅದನ್ನು ಜಾರಿ ಮಾಡಿಸುವ ಹೊತ್ತಿಗೆ ಅಲ್ಲಿರಲಿಲ್ಲ. ಜಿಲ್ಲಾ ಮಟ್ಟದಲ್ಲಿ ದೂರು ಕೊಡುವ ಸಮಿತಿ ಇದೆ ಅಂತ ಇವತ್ತಿಗೂ ಎಷ್ಟು ರೋಗಿಗಳಿಗೆ ಗೊತ್ತು?

ನರಸಾಪುರ ಕಡೆ ರೈತ

ಗೌನಿಪಲ್ಲಿ ತಮ್ಮನಿಗೆ ಒಂದು ಮಾತು. ನಿಮ್ಮ ಕಡೆಗೂ ನೀರು ಬರಬೇಕು. ನಮ್ಮ ಕೆರೆ ತುಂಬಿದೆ ಅಂತ ನಾವು ಸುಮ್ಮನಿದ್ದರೆ ತಪ್ಪು. ಎರಡೂ ಗುಂಪಿನ ಹುಡುಗರು ಸೇರಿ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಕೊಡಿ, ನಮ್ಮ ಕಡೆಯ ಕೆರೆ ಸಂಘದವರೂ ಬರುತ್ತೇವೆ.

ಗೌನಿಪಲ್ಲಿ ಯುವಕ

ಅಣ್ಣ, ಅರ್ಜಿ ಬರೆಯುವುದು ನನಗೆ ಬಿಡಿ. ಎದುರು ಬೀದಿಯವರನ್ನು ಕರೆಯುವುದು ಕಷ್ಟ, ಆದರೂ ಕರೆಯುತ್ತೇನೆ. ಮೊದಲು ಆ ಮೋರಿ ವಿಷಯದಿಂದಲೇ ಶುರು ಮಾಡುತ್ತೇನೆ, ಅದು ಇಬ್ಬರಿಗೂ ತೊಂದರೆ.

ವಕೀಲ, ಮುಳಬಾಗಿಲು

ಇನ್ನೊಂದು ಸಲಹೆ. ಅವರು ಪೀಠದಲ್ಲಿ ಇಲ್ಲದ ಅವಧಿಗಳಿವೆಯಲ್ಲ, 1985ರಿಂದ 89, 2004ರಿಂದ 2008, 2013ರಿಂದ 16. ಆಗ ಸದನದಲ್ಲಿ ಶ್ರೀನಿವಾಸಪುರದ ಬಗ್ಗೆ ಏನೇನು ಕೇಳಿದರು ಅನ್ನುವುದು ವಿಧಾನಸಭೆಯ ನಡಾವಳಿಯಲ್ಲಿ ದಾಖಲಾಗಿರುತ್ತದೆ. ರೆಡ್ಡಿಯವರ ಅವಧಿಯದ್ದೂ ಹಾಗೇ. ಇಬ್ಬರದನ್ನೂ ಪಕ್ಕದಲ್ಲಿಟ್ಟು ಓದಿದರೆ ಈ ಚರ್ಚೆಗೆ ಬುನಾದಿ ಸಿಗುತ್ತದೆ. ನೀರು ಮತ್ತು ಮಾವು, ಈ ಎರಡು ವಿಷಯ ಮಾತ್ರ ಹುಡುಕಿದರೂ ಸಾಕು. 2004ರಿಂದ 2008ರದ್ದನ್ನು ನಾನು ನೋಡುತ್ತೇನೆ.

ಟೀಚರ್, ಬೇತಮಂಗಲ

ನಾನು 2013ರಿಂದ 16 ತೆಗೆದುಕೊಳ್ಳುತ್ತೇನೆ. ಬೇಸಿಗೆ ರಜೆಯಲ್ಲಿ ಕೂತು ಓದುತ್ತೇನೆ. ಮಹಿಳೆಯರ ವಿಷಯದಲ್ಲಿ ಇಬ್ಬರೂ ಏನು ಮಾತಾಡಿದ್ದಾರೆ ಅಂತಲೂ ಬರೆದುಕೊಳ್ಳುತ್ತೇನೆ.

ಗೌನಿಪಲ್ಲಿ ಯುವಕ

ನಮ್ಮ ತಾತನ ಪೆಟ್ಟಿಗೆಯಲ್ಲಿ ಹಳೇ ಚುನಾವಣೆ ಕರಪತ್ರಗಳಿವೆ. ತೆಲುಗಿನಲ್ಲಿ ಕೆಲವು, ಕನ್ನಡದಲ್ಲಿ ಕೆಲವು. ಇಬ್ಬರದ್ದೂ ಇದೆ, ಎದುರಾಳಿಯದ್ದನ್ನೂ ತಾತ ಎಸೆಯುತ್ತಿರಲಿಲ್ಲ. ಬೇಕಾ?

ಮಾವಿನತೋಪು, ಶ್ರೀನಿವಾಸಪುರ

ಬೇಕು ತಮ್ಮ, ಖಂಡಿತ ಬೇಕು. 1985ರದ್ದು ಇದ್ದರೆ ಮೊದಲು ಅದರ ಫೋಟೊ ಹಾಕು. ಆ ಸಲ ನೀರಿನ ಬಗ್ಗೆ ಇಬ್ಬರೂ ಏನು ಮಾತು ಕೊಟ್ಟಿದ್ದರು ಅಂತ ನೋಡಬೇಕು.